ಕ್ಯಾನಿನ ಹಿಡಿಗೊಂದು ಹೂ

9 ಸೆಪ್ಟೆಂಬರ್ 2019, ಸೋಮವಾರ

ನಾನು ಸೊಣ್ಣಮ್ಮ, ಎಸ್ಸೆಸ್ಸೆಲ್ಸಿ ಪಾಸು. ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಹತ್ತೊಂಬತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುವವಳು. ಈ ಪುಸ್ತಕ ಓದುವವಳು ನಾನೊಬ್ಬಳೇ, ಇದೆಲ್ಲ ಬರೆಯಬೇಕಿರಲಿಲ್ಲ. ಆದರೂ ಹೊಸ ಪುಸ್ತಕದ ಮೊದಲ ಪುಟದಲ್ಲಿ ಹೆಸರು ಹಾಕದಿದ್ದರೆ ನನಗೆ ಸಮಾಧಾನವಿಲ್ಲ.

ಬರೆಯುವ ಹಾಗೆ ಮಾಡಿದವಳು ಶಿಲ್ಪ. ದೊಡ್ಡಬಳ್ಳಾಪುರದಲ್ಲಿ ‘ಒತ್ತಾಸೆ’ ಅಂತ ಒಂದು ಸಂಸ್ಥೆಯಿದೆ. ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈ ಹಾಕುವವರ ವಿಷಯದಲ್ಲಿ ಅವರ ಕೆಲಸ. ನೊಂದವರ ಜೊತೆ ಸ್ಟೇಷನ್ನಿಗೆ ಹೋಗುತ್ತಾರೆ, ಆಸ್ಪತ್ರೆಗೆ ಹೋಗುತ್ತಾರೆ, ವಕೀಲರನ್ನು ಹುಡುಕಿ ಕೊಡುತ್ತಾರೆ. ಹೆಂಗಸರು ಯಾರ ಅಪ್ಪಣೆಯನ್ನೂ ಕೇಳದೆ ದಿನಕ್ಕೆರಡು ಸಲ ಮನೆಯಿಂದ ಹೊರಗೆ ಬರುವ ಜಾಗ ಯಾವುದು ಅಂತ ಅಲ್ಲಿ ಕೆಲಸ ಮಾಡುವ ಈ ಹುಡುಗಿ ಮೂರು ತಿಂಗಳು ಹಳ್ಳಿ ಹಳ್ಳಿ ಸುತ್ತಿದಳಂತೆ. ಕೊನೆಗೆ ಸಿಕ್ಕಿದ್ದು ನನ್ನ ಡೇರಿ.

“ಯಾರಿಗಾದ್ರೂ ಹೇಳ್ಕೊಳ್ಳೋಕಾಗ್ದಿರೋ ಕಷ್ಟ ಇದ್ರೆ ನಿಮ್ಮ ಹತ್ರ ಹೇಳ್ಲಿ ಅಮ್ಮ. ನೀವು ನಂಗೊಂದು ಫೋನ್ ಮಾಡಿದ್ರೆ ಸಾಕು” ಅಂದಳು.

“ನನ್ನ ಹತ್ರ ಯಾರವ್ವ ಹೇಳ್ತಾರೆ? ನನ್ನ ಕಂಡ್ರೆ ಹಸುಗಳೂ ಹೆದರ್ತವೆ.”

“ಅದಕ್ಕೇ ಬಂದೆ. ನೀವು ನಿಂತ್ರೆ ಬೇರೆಯೋರು ಬಾಯಿ ಮುಚ್ಕೋತಾರೆ.”

ಹೊಗಳಿಕೆಗೆ ಬಗ್ಗುವವಳಲ್ಲ ನಾನು. ಆದರೂ ಒಪ್ಪಿಕೊಂಡೆ. ಒಂದು ಷರತ್ತು ಹಾಕಿದಳು, ಕೇಳಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ. ನನಗೆ ಅದೇ ಕಷ್ಟ. ಹೊಟ್ಟೆಯೊಳಗೆ ಮಾತು ನಿಂತರೆ ನನಗೆ ಅಜೀರ್ಣವಾಗುತ್ತದೆ. ಹಾಗಾಗಿ ಬರೆದು ಬೂಸಾ ಡ್ರಮ್ಮಿನೊಳಗೆ ಇಡುತ್ತೇನೆ. ನಮ್ಮ ಯಜಮಾನರು ಇದುವರೆಗೆ ಆ ಡ್ರಮ್ಮಿನ ಮುಚ್ಚಳ ತೆಗೆದವರಲ್ಲ. ಅವರ ಹೆಸರು ಬೈಲಪ್ಪ. ಬಾಯಲ್ಲಿ ಹೇಳಬಾರದು, ಬರೆದರೆ ತಪ್ಪಿಲ್ಲ.

12 ಸೆಪ್ಟೆಂಬರ್, ಗುರುವಾರ

ಇವತ್ತು ತರಬೇತಿ. ಶಿಲ್ಪ ನೊಂದವಳ ಹಾಗೆ ನಟಿಸಿದಳು, ನಾನು ಸಮಾಧಾನ ಹೇಳಬೇಕು.

“ಅಮ್ಮ, ಒಬ್ರು ನನ್ನ ಜೊತೆ ತಪ್ಪಾಗಿ ನಡ್ಕೊಂಡ್ರು” ಅಂದಳು ತಲೆ ತಗ್ಗಿಸಿ.

“ಎಷ್ಟು ಗಂಟೆಗೆ? ಯಾರು ನೋಡಿದ್ರು? ನೀನ್ಯಾಕೆ ಅಲ್ಲಿಗೆ ಹೋದೆ?” ಅಂದೆ.

ಶಿಲ್ಪ ತಲೆಯೆತ್ತಿ ನಗತೊಡಗಿದಳು. “ಅಮ್ಮ, ನೀವು ನಂಗೇ ಲ್ಯಾಕ್ಟೋಮೀಟರ್ ಹಾಕಿ ನೋಡ್ತಿದ್ದೀರಿ.”

ನನಗೆ ಸಿಟ್ಟೇ ಬಂತು. ಬಾಯಿಮಾತು ನಂಬಿದ್ದರೆ ಹತ್ತೊಂಬತ್ತು ವರ್ಷದಲ್ಲಿ ನಮ್ಮ ಸಂಘ ಬರೀ ಬೋರ್‌ವೆಲ್ ನೀರನ್ನೇ ಟ್ಯಾಂಕರ್‌ಗೆ ತುಂಬಿ ಕಳಿಸುತ್ತಿತ್ತು. ಒಬ್ಬಳು “ಹಸು ತುಂಬ ನೀರು ಕುಡೀತು ಅಕ್ಕ” ಅನ್ನುತ್ತಾಳೆ, ಇನ್ನೊಬ್ಬಳು “ಮಳೇಲಿ ಕ್ಯಾನ್ ಮುಚ್ಚಳ ಹಾರೋಯ್ತು” ಅನ್ನುತ್ತಾಳೆ. ಮನುಷ್ಯರು ಸುಳ್ಳು ಹೇಳುತ್ತಾರೆ, ಹಾಲಿಗೆ ನೀರು ಬೆರೆತದ್ದನ್ನು ತೋರಿಸುವ ಮೀಟರ್ ಹೇಳುವುದಿಲ್ಲ. ಇದು ನನ್ನ ಕೆಲಸ ನನಗೆ ಕಲಿಸಿದ್ದು.

ಶಿಲ್ಪ ಮೂರು ಮಾತು ಬಾಯಿಪಾಠ ಮಾಡಿಸಿದಳು. ‘ನಿನ್ನ ಮಾತು ನಂಬ್ತೀನಿ. ನಿಂದೇನೂ ತಪ್ಪಿಲ್ಲ. ಈಗ ನಿಂಗೇನು ಬೇಕು?’ ಅಷ್ಟೇ. ಆಮೇಲೆ ಸುಮ್ಮನಿರಬೇಕು.

ಬಾಯಿಬಿಟ್ಟು ಕೇಳಲು ನಾಚಿಕೆಪಡುವವರಿಗೆ ಒಂದು ಗುರುತು ಬೇಕು ಅಂದಳು. ಉಪಾಯ ಹೊಳೆದದ್ದು ನನಗೇ. ಹಾಲಿನ ಕ್ಯಾನಿನ ಹಿಡಿಗೆ ಒಂದು ಹೂ ಸಿಕ್ಕಿಸಿಕೊಂಡು ಬರಲಿ, ನಾನು ನೋಡಿ ಏನೋ ನೆಪ ಹೇಳಿ ಅವಳನ್ನು ನಿಲ್ಲಿಸಿಕೊಳ್ಳುತ್ತೇನೆ. ಹೂ ಮುಡಿಯುವ ಊರಿನಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. “ಸೂಪರ್ ಅಮ್ಮ!” ಅಂದಳು ಶಿಲ್ಪ. ನನಗೂ ಹಾಗೇ ಅನ್ನಿಸಿತು.

13 ಸೆಪ್ಟೆಂಬರ್, ಶುಕ್ರವಾರ

ಮೂರು ಮಾತಿನ ಅಭ್ಯಾಸ ಮಾಡೋಣ ಅಂತ ಯಜಮಾನರ ಮೇಲೆ ಪ್ರಯೋಗಿಸಿದೆ. “ಸೊಂಟ ಹಿಡ್ಕೊಂಡೈತೆ ಕಣೆ” ಅಂದರು. “ನಿಮ್ಮ ಮಾತು ನಂಬ್ತೀನಿ. ನಿಮ್ದೇನೂ ತಪ್ಪಿಲ್ಲ. ಈಗ ನಿಮಗೇನು ಬೇಕು?” ಅಂದೆ. ಅವರು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ ಅಂದುಕೊಂಡು ಹೋದರು.

23 ಸೆಪ್ಟೆಂಬರ್, ಸೋಮವಾರ

ಡೇರಿ ಗೋಡೆಗೆ ಪೋಸ್ಟರ್ ಹಚ್ಚಿದ್ದಾಯಿತು. ಮಕ್ಕಳಿಗೆ 1098, ಹೆಂಗಸರಿಗೆ 181, ಕೆಳಗೆ ಶಿಲ್ಪಳ ನಂಬರು. ಹೂವಿನ ಗುರುತನ್ನು ಶಿಲ್ಪ ಹೆಂಗಸರಿಗೆಲ್ಲ ಮನೆಮನೆಗೆ ಹೋಗಿ ಕಿವಿಯಲ್ಲೇ ಹೇಳಿ ಬಂದಿದ್ದಾಳೆ.

ಉದ್ಘಾಟನೆ ಮಾಡಿದ್ದು ಕಾಂತರಾಜಣ್ಣ. ನಮ್ಮ ಸಂಘಕ್ಕೆ ಅಧ್ಯಕ್ಷೆ ಮುನಿಗಂಗಮ್ಮ, ಕುರ್ಚಿಯಲ್ಲಿ ಕೂರುವವರು ಆಕೆಯ ಗಂಡ ಕಾಂತರಾಜಣ್ಣ. ಆಕೆ ಸಹಿ ಮಾಡಿ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಜಮೀನು ಬಡಾವಣೆಗೆ ಕೊಟ್ಟು ಹೋದ ವರ್ಷ ಹಸುಗಳನ್ನೂ ಮಾರಿಬಿಟ್ಟರು, ಈಗ ಬಿಳಿ ಕಾರು. ಹಸು ಹೋದರೂ ಅಧ್ಯಕ್ಷಗಿರಿ ಇನ್ನೂ ಒಂದು ವರ್ಷ ಇದೆ. ಹೆಣ್ಣುಮಕ್ಕಳು ನಮ್ಮ ಮನೆಯ ದೀಪ ಅಂತ ಕಾಂತರಾಜಣ್ಣ ಅರ್ಧ ಗಂಟೆ ಮಾತಾಡಿದರು. ನಡುವೆ ಆರು ವಿಮಾನ ಹೋದವು. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುವುದು ನಮ್ಮೂರವರಿಗೆ ಅಭ್ಯಾಸ. ಅವರು ಆರು ಸಲವೂ ಬಿಟ್ಟ ಜಾಗ ಮರೆತು ಮೊದಲಿಂದ ಶುರು ಮಾಡಿದರು.

ಬೆಳಿಗ್ಗೆ ಧನುಶ್ರೀ ಹಾಲಿನಲ್ಲಿ ಮತ್ತೆ ನೀರು. ಪಿಯುಸಿ ಓದುವ ಹುಡುಗಿ. ಅವಳಮ್ಮನಿಗೆ ಏರ್‌ಪೋರ್ಟಿನಲ್ಲಿ ಸ್ವಚ್ಛತೆ ಕೆಲಸ, ನಸುಕಿಗೇ ಕ್ಯಾಬ್ ಬರುತ್ತದೆ. ಬೆಳಗಿನ ಹಾಲು ಮಗಳು ತರುತ್ತಾಳೆ, ಸಂಜೆಯದು ತಾಯಿ. ತಾಯಿ ತಂದ ಹಾಲು ಚೊಕ್ಕ, ಮಗಳದ್ದು ನೀರು. ಅರ್ಧ ಲೀಟರ್ ಟೀ ಅಂಗಡಿಗೆ ಮಾರಿ ಮೊಬೈಲಿಗೆ ಹಾಕಿಸುತ್ತಾಳೆ ಅಂತ ನನ್ನ ಲೆಕ್ಕ. “ಏನೇ, ಕೆರೆ ತುಂಬ್ಕೊಂಡು ಬಂದಿದ್ದೀಯಾ?” ಅಂತ ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ಬೈದು ಹಾಲು ವಾಪಸ್ ಕಳಿಸಿದೆ. ಎಲ್ಲರೂ ನಕ್ಕರು. ಅವಳು ಕ್ಯಾನ್ ಎತ್ತಿಕೊಂಡು ಹೋದಳು.

4 ಅಕ್ಟೋಬರ್, ಶುಕ್ರವಾರ

ಹನ್ನೊಂದು ದಿನವಾಯಿತು, ಒಂದು ಹೂವೂ ಇಲ್ಲ. ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲ ಅಂತ ಶಿಲ್ಪಳಿಗೆ ಫೋನಿನಲ್ಲಿ ಹೇಳಿದೆ. “ಇರಲಿ ಅಮ್ಮ, ನೋಡೋಣ” ಅಂದಳು.

ಕಾಂತರಾಜಣ್ಣ ತಿರುಪತಿಗೆ ಹೋಗಿ ಒಂದು ವಾರ. ಕುರ್ಚಿ ಖಾಲಿ ಇದ್ದರೂ ಮುನಿಗಂಗಮ್ಮ ಬೆಂಚಿನಲ್ಲೇ ಕೂರುತ್ತಾರೆ. ಧನುಶ್ರೀ ಹಾಲು ವಾರವಿಡೀ ಇಪ್ಪತ್ತೊಂಬತ್ತು ಡಿಗ್ರಿ, ಒಂದು ದಿನವೂ ನೀರಿಲ್ಲ. ನನ್ನ ಬೈಗುಳಕ್ಕೆ ಫಲ ಸಿಕ್ಕಿತು.

7 ಅಕ್ಟೋಬರ್, ಸೋಮವಾರ, ಆಯುಧ ಪೂಜೆ

ನನ್ನ ಬುದ್ಧಿಗೆ ನಾನೇ ಮಂಗಳಾರತಿ ಎತ್ತಬೇಕು.

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮೊದಲನೆಯವಳ ಕ್ಯಾನಿಗೆ ಚೆಂಡುಹೂ. ಏನಾದರೂ ನೆಪ ಹೇಳಿ ನಿಲ್ಲಿಸಿಕೊಳ್ಳೋಣ ಅಂತ ಬಾಯಿ ತೆರೆದೆ. ಎರಡನೆಯವಳ ಕ್ಯಾನಿಗೂ ಚೆಂಡುಹೂ. ಮೂರನೆಯದಕ್ಕೆ ಸೇವಂತಿಗೆ ಹಾರವೇ ಇತ್ತು. ಸಾಲಿನ ಕೊನೆಯವರೆಗೆ ನೋಡಿದೆ, ಅರವತ್ತೆರಡು ಕ್ಯಾನ್, ಅರವತ್ತೆರಡಕ್ಕೂ ಹೂ, ವಿಭೂತಿ, ಕುಂಕುಮ. ಊರೆಲ್ಲ ಸೈಕಲ್ಲಿಗೆ, ಟ್ರ್ಯಾಕ್ಟರಿಗೆ, ಮಿಕ್ಸಿಗೆ ಪೂಜೆ ಮಾಡುವ ದಿನ ಹಾಲಿನ ಕ್ಯಾನಿಗೆ ಮಾಡದೆ ಬಿಡುತ್ತಾರೆಯೇ? ನಾನೇ ಲ್ಯಾಕ್ಟೋಮೀಟರಿಗೆ ಕನಕಾಂಬರ ಸುತ್ತಿ ಊದುಬತ್ತಿ ಹಚ್ಚಿಟ್ಟಿದ್ದೆ!

ಅಷ್ಟರಲ್ಲಿ ಶಿಲ್ಪ ಹಬ್ಬದ ಶುಭಾಶಯ ಹೇಳಲು ಬಂದಳು. ಸಾಲು ನೋಡಿ ಸ್ಕೂಟಿಯಿಂದ ಇಳಿಯುವುದನ್ನೇ ಮರೆತಳು. “ಅಮ್ಮ... ಇಷ್ಟೂ ಜನಾನಾ?” ಅಂದಳು. ಅವಳ ಕಣ್ಣಲ್ಲಿ ನೀರು. ನಾನು ಅವಳ ಸ್ಕೂಟಿಯ ಮೂತಿಗೆ ಕಟ್ಟಿದ್ದ ಹಾರ ತೋರಿಸಿದೆ. ಅವಳ ಆಫೀಸಿನವರೇ ಕಟ್ಟಿ ಕಳಿಸಿದ್ದಂತೆ. ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆವು.

9 ಅಕ್ಟೋಬರ್, ಬುಧವಾರ

ಹಬ್ಬ ಮುಗಿದರೂ ಕ್ಯಾನಿನಿಂದ ಹೂ ತೆಗೆಯುವ ಬುದ್ಧಿ ಕೆಲವರಿಗಿಲ್ಲ. ಎಸಳು ಹಾಲಿಗೆ ಬಿದ್ದರೆ ಟ್ಯಾಂಕರಿನವನಿಂದ ಬೈಸಿಕೊಳ್ಳುವವಳು ನಾನು. ಧನುಶ್ರೀ ಕ್ಯಾನಿನದನ್ನು ನಾನೇ ಕಿತ್ತು ಹೊರಗೆ ಎಸೆದೆ. ಅವಳ ಹಾಲಿನಲ್ಲಿ ಮತ್ತೆ ನೀರು. ಬೈದೆ.

10 ಅಕ್ಟೋಬರ್, ಗುರುವಾರ

ಬೆಳಿಗ್ಗೆ ಅಂಗಳ ಗುಡಿಸುವಾಗ ಚರಂಡಿ ಪಕ್ಕ ನಿನ್ನೆ ಎಸೆದ ಆ ಹೂ ಕಾಣಿಸಿತು. ಬಾಡಿದ್ದರೂ ಗುರುತು ಸಿಕ್ಕಿತು, ಹಬ್ಬದ ಚೆಂಡುಹೂ ಅಲ್ಲ. ಇದು ಧನುಶ್ರೀ ಮನೆ ಮುಂದಿನ ಗಿಡದ ದಾಸವಾಳ, ನಿನ್ನೆ ಬೆಳಿಗ್ಗೆಯಷ್ಟೇ ಕಿತ್ತದ್ದು. ದಾಸವಾಳವನ್ನು ಕ್ಯಾನಿಗೆ ಯಾರೂ ಕಟ್ಟುವುದಿಲ್ಲ. ಪೊರಕೆ ಬಿಟ್ಟು ಅದನ್ನು ಎತ್ತಿಕೊಂಡೆ.

ಹದಿನಾರು ವರ್ಷದ ಹುಡುಗಿ ಬಂದು ಕರೆದಳು. ನಾನು ಎಲ್ಲರೆದುರು ಬೈದು, ಕರೆದದ್ದನ್ನೇ ಕಿತ್ತು ಚರಂಡಿಗೆ ಎಸೆದೆ.

ಇವತ್ತು ಅವಳು ಬರಲಿಲ್ಲ. ಪಕ್ಕದ ಮನೆಯವಳ ಕೈಲಿ ಹಾಲು ಕಳಿಸಿದ್ದಳು.

11 ಅಕ್ಟೋಬರ್, ಶುಕ್ರವಾರ

ಬಂದಳು. ಕ್ಯಾನಿಗೆ ಹೂವಿಲ್ಲ.

ಸ್ಯಾಂಪಲ್ ಬಾಟಲಿ ತೊಳೆಯಲು ಒಂದು ಕೈ ಬೇಕು ಅಂತ ಅವಳನ್ನು ನಿಲ್ಲಿಸಿಕೊಂಡೆ. ಸಾಲು ಕರಗಿತು. ಇಬ್ಬರೂ ತೊಟ್ಟಿಯ ಹತ್ತಿರ ಕೂತು ಬಾಟಲಿ ತೊಳೆದೆವು. ನನ್ನ ಬಾಯಲ್ಲಿ ಹತ್ತು ಪ್ರಶ್ನೆ ಸಾಲುಗಟ್ಟಿ ನಿಂತಿದ್ದವು. ಒಂದನ್ನೂ ಬಿಡಲಿಲ್ಲ. “ಮೊನ್ನೆ ಹೂ ಕಿತ್ತಿದ್ದು ನನ್ನ ತಪ್ಪು ಮಗ” ಅಂದೆ, ಅಷ್ಟೆ. ನಲವತ್ತು ಬಾಟಲಿ ತೊಳೆಯುವವರೆಗೆ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಹಲ್ಲು ಕೀಳಿಸಿದ ದಿನ ಮಾತ್ರ.

“ದೊಡ್ಡಮ್ಮ, ನೀರು ಹಾಕಿದ್ದು ನಿಜ” ಅಂದಳು ನಲವತ್ತೊಂದನೆಯದಕ್ಕೆ. “ಓಡೋವಾಗ ಹಾಲು ಚೆಲ್ಲೋಗುತ್ತೆ. ಕಮ್ಮಿ ಆದ್ರೆ ಅಮ್ಮ ಕೇಳುತ್ತೆ. ಅದಕ್ಕೆ ನಲ್ಲಿ ನೀರು ತುಂಬ್ತಿದ್ದೆ.”

“ಯಾಕೆ ಓಡ್ತೀಯ” ಅಂತ ನಾನು ಕೇಳುವ ಮೊದಲೇ ವಿಮಾನ ಬಂತು. ಇಬ್ಬರೂ ಕಾದೆವು. ಅದು ಹೋದ ಮೇಲೆ ಅವಳು ಬಿಟ್ಟ ಜಾಗದಿಂದಲೇ ಹೇಳಿದಳು. ಡೇರಿಗೆ ಬರುವ ದಾರಿಯಲ್ಲಿ, ಬಡಾವಣೆಯ ಕಮಾನಿನ ಹತ್ತಿರ ಬಿಳಿ ಕಾರು ನಿಂತಿರುತ್ತದೆ. ಅಲ್ಲಿ ಏನೇನಾಯಿತು ಅನ್ನುವುದನ್ನು ನಾನು ಈ ಪುಸ್ತಕದಲ್ಲೂ ಬರೆಯುವುದಿಲ್ಲ. ಅದು ಅವಳದು.

ಕಾಂತರಾಜು. ಮೊದಲು ನನ್ನ ನಾಲಿಗೆಯ ತುದಿಗೆ ಬಂದ ಮಾತು, ‘ಆ ದಾರೀಲಿ ಯಾಕೆ ಹೋದೆ?’ ಎರಡನೆಯದು, ‘ಅವರು ಅಂಥೋರಲ್ಲವಲ್ಲ.’ ಎರಡನ್ನೂ ನುಂಗಿದೆ. “ನಿನ್ನ ಮಾತು ನಂಬ್ತೀನಿ. ನಿಂದೇನೂ ತಪ್ಪಿಲ್ಲ. ಈಗ ನಿಂಗೇನು ಬೇಕು?” ಅಂದೆ. ಬಾಯಿಪಾಠ ಒಪ್ಪಿಸಿದ ಹಾಗೆ ಕೇಳಿಸಿರಬೇಕು. ಆದರೂ ಆ ಮಗು ನನ್ನ ಸೆರಗು ಹಿಡಿದುಕೊಂಡು ಅತ್ತಿತು. “ಅಮ್ಮಂಗೆ ನೀವೇ ಹೇಳಿ” ಅಂದಿತು.

ಇನ್ನು ಮೇಲೆ ಇಲ್ಲಿ ಅವಳ ಹೆಸರು ಬರೆಯುವುದಿಲ್ಲ.

12 ಅಕ್ಟೋಬರ್, ಶನಿವಾರ

ಫೋನ್ ಮಾಡಿದೆ, ಶಿಲ್ಪ ಬಂದಳು, ಇಬ್ಬರೂ ಹುಡುಗಿಯ ತಾಯಿಯ ಹತ್ತಿರ ಮಾತಾಡಿದೆವು. ಹುಡುಗಿಗೆ ಹದಿನೆಂಟು ತುಂಬಿಲ್ಲ, ಪೊಲೀಸರಿಗೆ ತಿಳಿಸಲೇಬೇಕು ಅಂತ ಕಾನೂನೇ ಇದೆಯಂತೆ. ತಾಯಿ ಅತ್ತರು. “ಊರಲ್ಲಿ ಯಾರು ನಂಬ್ತಾರೆ ಸೊಣ್ಣಕ್ಕ? ಅವರ ಮಾತು ಬಿಟ್ಟು ನಮ್ಮ ಮಾತಾ? ನಾಳೆವರೆಗೂ ಟೈಮ್ ಕೊಡಿ” ಅಂದರು.

ಮಧ್ಯಾಹ್ನ ಡೇರಿಯಲ್ಲಿ ಕೂತು ಪರೀಕ್ಷೆಯ ಪುಸ್ತಕ ತೆಗೆದೆ. ಆಗಸ್ಟಿನಿಂದ ಬೆರಳಿಟ್ಟು ನೋಡುತ್ತ ಬಂದೆ. ಆ ಹುಡುಗಿ ತಂದ ಬೆಳಗಿನ ಹಾಲು, ನೀರು. ನೀರು. ನೀರು. ತಿರುಪತಿಯ ವಾರ, ಏಳು ದಿನವೂ ಚೊಕ್ಕ. ಅವನು ಊರಿಗೆ ಬಂದ, ಮತ್ತೆ ನೀರು. ಎಲ್ಲವೂ ನನ್ನ ಅಕ್ಷರ, ದಿನಾಂಕದ ಸಮೇತ. ಎರಡು ತಿಂಗಳಿಂದ ಈ ಪುಸ್ತಕ ಕೂಗಿ ಹೇಳಿದೆ, ಬರೆದವಳೇ ಓದಿಲ್ಲ.

13 ಅಕ್ಟೋಬರ್, ಭಾನುವಾರ

ಹುಡುಗಿಯ ಮನೆ ಮುಂದೆ ಶಿಲ್ಪಳ ಸ್ಕೂಟಿ ನೋಡಿದ ಕಾಂತರಾಜುವಿಗೆ ಅಷ್ಟೇ ಸಾಕಾಯಿತು. ಇವತ್ತು ಸಂಜೆ ಹಾಲು ಹಾಕಿದ ಮೇಲೆ ಸಂಘದ ತುರ್ತು ಸಭೆ ಕರೆದ. ಅಂಗಳ ತುಂಬ ಹೆಂಗಸರು. ಕುರ್ಚಿಯಲ್ಲಿ ಅವನು, ಬೆಂಚಿನಲ್ಲಿ ಮುನಿಗಂಗಮ್ಮ.

“ಆ ಸಂಸ್ಥೆಯೋರು ಇನ್ಮೇಲೆ ಇಲ್ಲಿಗೆ ಕಾಲಿಡಂಗಿಲ್ಲ. ಪೋಸ್ಟರ್ ಕಿತ್ತಾಕಿ. ಊರ ದೊಡ್ಡೋರ ಮೇಲೆ ಯಾವಳೋ ಹುಡುಗಿ ಕೈಲಿ ಏನೇನೋ ಹೇಳಿಸ್ತಾವ್ರೆ” ಅಂದ.

“ಯಾವ ಹುಡುಗಿ?” ಅಂದೆ. “ನಾವ್ಯಾರೂ ಯಾವ ಹುಡುಗಿ ಸುದ್ದಿನೂ ಎತ್ತಿಲ್ವಲ್ಲ.”

ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಅವನ ಮುಖ ಕೆಂಪಾಯಿತು. ನನ್ನ ಮೇಜಿನಿಂದ ಪರೀಕ್ಷೆಯ ಪುಸ್ತಕ ಎತ್ತಿಕೊಂಡು ಅಲ್ಲಾಡಿಸಿದ. “ಹಾಲಿಗೆ ನೀರು ಹಾಕೋಳ ಮಾತು ನಂಬ್ತೀರಾ? ಸೊಣ್ಣಮ್ಮನೇ ಬರ್ದವ್ಳೆ ನೋಡಿ! ಹೆಸರು ಓದ್ತೀನಿ, ಎಲ್ರೂ ಕೇಳಿ!”

ಆಗ ವಿಮಾನ ಬಂತು. ಅವನು ಅಭ್ಯಾಸಬಲದಿಂದ ಬಾಯಿ ತೆರೆದುಕೊಂಡೇ ನಿಂತ. ನಾನು ಎದ್ದು ಹೋಗಿ ಅವನ ಕೈಯಿಂದ ನನ್ನ ಪುಸ್ತಕ ಕಿತ್ತುಕೊಂಡೆ. ವಿಮಾನ ಹೋಗುವಷ್ಟರಲ್ಲಿ ಅವನ ಕೈ ಖಾಲಿ.

“ನಾನು ಓದ್ತೀನಿ” ಅಂದೆ. “ಈ ವರ್ಷ ನೀರು ಹಾಕಿ ನನ್ನ ಕೈಲಿ ಬೈಸ್ಕೊಂಡೋರು ಇಪ್ಪತ್ತಾರು ಜನ. ಎಲ್ಲಾ ಹೆಸರೂ ಓದ್ಲಾ? ಹಳೇ ಪುಸ್ತಕನೂ ತರ್ಲಾ? ನೀರು ಹಾಕಿದೋರೆಲ್ಲ ಸುಳ್ಳರಾದ್ರೆ, ನಿಮ್ಮ ಮನೇಲಿ ಹಸು ಇದ್ದಾಗ ಅಧ್ಯಕ್ಷರ ಹೆಸರು ಹದಿನಾಲ್ಕು ಸಲ ಐತೆ. ಅದನ್ನೂ ಓದ್ಲಾ?”

ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಅಂಗಳ ನಕ್ಕಿತು. ಮುನಿಗಂಗಮ್ಮ ನಗಲಿಲ್ಲ, ತಲೆಯೆತ್ತಿ ಗಂಡನನ್ನು ನೋಡಿದರು. ಹಾಗೇ ನೋಡುತ್ತಲೇ ಇದ್ದರು.

ನಗು ನಿಂತ ಮೇಲೆ ಪುಸ್ತಕ ಮುಚ್ಚಿದೆ. ಆಮೇಲೆ ಹೇಳಿದೆ. “ಮೀಟರ್ ಸುಳ್ಳು ಹೇಳಿಲ್ಲ, ನೀರಿತ್ತು. ಯಾಕಿತ್ತು ಅಂತ ನಾನು ಯಾರನ್ನೂ ಕೇಳ್ಲಿಲ್ಲ. ನಿಮ್ಮೆಲ್ಲರ ಮುಂದೆ ಬೈದೆ, ನಿಮ್ಮೆಲ್ಲರ ಮುಂದೆ ಹೇಳ್ತೀನಿ, ತಪ್ಪು ನಂದು.”

“ನಾಳೆಯಿಂದ ಬೇರೆ ಟೆಸ್ಟರ್ ಬರ್ತಾಳೆ!” ಅಂತ ಅವನು ಕೂಗಿದ. ಬರಲಿ.

ಗುಂಪಿನ ಹಿಂದೆ ನಿಂತಿದ್ದ ಹುಡುಗಿಯ ತಾಯಿ ನನ್ನ ಹತ್ತಿರ ಬಂದು “ಶಿಲ್ಪಂಗೆ ಫೋನ್ ಮಾಡಿ ಸೊಣ್ಣಕ್ಕ, ಈಗ್ಲೇ ಹೋಗೋಣ” ಅಂದರು.

17 ಅಕ್ಟೋಬರ್, ಗುರುವಾರ

ಯೂನಿಫಾರ್ಮ್ ಬಿಟ್ಟು ಚೂಡಿದಾರ ಹಾಕಿಕೊಂಡು ಬಂದ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಹುಡುಗಿಯ ಮನೆಯಲ್ಲೇ ಕೂತು ಹೇಳಿಕೆ ಬರೆದುಕೊಂಡು ಹೋಗಿದ್ದರು. ನನ್ನ ಪರೀಕ್ಷೆಯ ಪುಸ್ತಕವನ್ನೂ ಪುಟ ಪುಟ ನೋಡಿ “ಅಕ್ಷರ ಚೆನ್ನಾಗಿದೆ” ಅಂದರು. ಎಸ್ಸೆಸ್ಸೆಲ್ಸಿ ಪಾಸು ಅಂದೆ. ಇವತ್ತು ಕಾಂತರಾಜುವನ್ನು ಕರೆದುಕೊಂಡು ಹೋದರು. ಕೇಸು ವರ್ಷಗಟ್ಟಲೆ ಎಳೆಯಬಹುದು, ಪ್ರತಿ ಸಲವೂ ಜೊತೆಗಿರುತ್ತೇವೆ ಅಂದಳು ಶಿಲ್ಪ.

ಬೇರೆ ಟೆಸ್ಟರ್ ಬಂದಿಲ್ಲ. ಬರಲು ಯಾರೂ ಒಪ್ಪಲಿಲ್ಲವಂತೆ.

ಯಜಮಾನರು “ಈಚೆಗೆ ನೀನು ಬೈಯೋದೇ ಇಲ್ಲ, ಮೈ ಹುಷಾರಿಲ್ವಾ?” ಅಂತ ಕೇಳಿದರು. ಎಂಥ ಮಾತು! ಇವತ್ತು ಬೆಳಿಗ್ಗೆ ತಾನೇ ಟ್ಯಾಂಕರಿನವನಿಗೆ ಸರಿಯಾಗಿ ಬೈದಿದ್ದೇನೆ.

4 ನವೆಂಬರ್, ಸೋಮವಾರ

ಹುಡುಗಿ ಈಗ ಇನ್ನು ಮೂವರ ಜೊತೆ ಬರುತ್ತಾಳೆ. ಆ ಕಮಾನಿನ ದಾರಿಯಲ್ಲೇ ಬರುತ್ತಾಳೆ, ಹಟಕ್ಕೆ. ಹಾಲು ಮೂವತ್ತು ಡಿಗ್ರಿ. “ಏನ್ ದೊಡ್ಡಮ್ಮ, ಕೆರೆ ತರ್ಲಿಲ್ಲ ಅಂತ ಬೇಜಾರಾ?” ಅಂತ ನನ್ನನ್ನೇ ಕಿಚಾಯಿಸಿದಳು. ಸಾಲೆಲ್ಲ ನಕ್ಕಿತು, ನಾನೂ ನಕ್ಕೆ.

ಸಾಲಿನ ಕೊನೆಗೆ ಮುನಿಗಂಗಮ್ಮ ನಿಂತಿದ್ದರು. ಗಂಡನನ್ನು ಪೊಲೀಸರು ಕರೆದೊಯ್ದ ದಿನದಿಂದ ಡೇರಿಯ ಕಡೆ ಬಂದಿರಲಿಲ್ಲ. ಕೈಯಲ್ಲಿ ಹಳೆಯ ಐದು ಲೀಟರ್ ಕ್ಯಾನು. ಹಸು ಮಾರಿ ವರ್ಷವಾದವರು ಎಲ್ಲಿಂದ ಹಾಲು ತಂದರು ಅಂತ ಎಲ್ಲರೂ ಮುಖ ಮುಖ ನೋಡಿಕೊಂಡರು. ಹತ್ತಿರ ಬಂದಾಗ ಕಂಡಿತು. ಕ್ಯಾನಿನ ಹಿಡಿಗೆ ಒಂದು ಬಿಳಿ ಸೇವಂತಿಗೆ. ಗೋಡೆಯ ಕ್ಯಾಲೆಂಡರ್ ನೋಡಿದೆ. ಇವತ್ತು ಯಾವ ಹಬ್ಬವೂ ಇಲ್ಲ.

ಕ್ಯಾನ್ ಇಸಿದುಕೊಂಡು ಮುಚ್ಚಳ ತೆಗೆದೆ. ಖಾಲಿ. ತೊಳೆದು ಒರೆಸಿ ತಂದಿದ್ದರು.

ಯಜಮಾನರ ಆಪರೇಷನ್ನಿನ ದಿನವೂ ನಾನು ಈ ಡೇರಿಯ ಹಾಲು ತೂಗುವ ಮಿಷನ್ ನಿಲ್ಲಿಸಿದವಳಲ್ಲ, ಯಾರಿಗೂ ಸುಳ್ಳು ಹೇಳಿದವಳಲ್ಲ. ಇವತ್ತು ಸ್ವಿಚ್ ಆರಿಸಿ, “ಮಿಷನ್ ಕೆಟ್ಟೈತೆ, ಎಲ್ರೂ ಅರ್ಧ ಗಂಟೆ ಬಿಟ್ಟು ಬನ್ನಿ” ಅಂದೆ. ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಕ್ಯಾನ್ ಎತ್ತಿಕೊಂಡು ಹೊರಗೆ ಹೋದರು.

ಬಾಗಿಲು ಮುಂದಕ್ಕೆಳೆದೆ. ಆಕೆ ಬೆಂಚಿನ ಕಡೆ ಹೋಗುತ್ತಿದ್ದರು. ಕೈ ಹಿಡಿದು ತಂದು ಅವರದ್ದೇ ಕುರ್ಚಿಯಲ್ಲಿ ಕೂರಿಸಿದೆ, ಎದುರಿಗೆ ಸ್ಟೂಲ್ ಎಳೆದುಕೊಂಡು ನಾನೂ ಕೂತೆ. ವಿಮಾನವೊಂದು ಹೋಗುತ್ತಿತ್ತು, ಅದು ದಾಟಲಿ ಅಂತ ಇಬ್ಬರೂ ಕಾದೆವು.